ಪುಣೆಯ ಪಿಜಿ ರೂಮಿಗೆ ಗೇಮಿಂಗ್ ಲ್ಯಾಪ್‌ಟಾಪ್: ಯಾರು ಕೊಳ್ಳಬೇಕು, ಏನು ನೋಡಿ ಕೊಳ್ಳಬೇಕು

ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಓದಲಿಕ್ಕೋ ಕೆಲಸಕ್ಕೋ ಪುಣೆಗೆ ಬಂದ ಹುಡುಗರು ಜೂನ್ ಬಂತೆಂದರೆ ಕೇಳುವ ಪ್ರಶ್ನೆ ಒಂದೇ. ಕೈಯಲ್ಲಿ ಲಕ್ಷದ ಆಸುಪಾಸಿದೆ, ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳೋದೋ, ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಕಟ್ಟಿಸೋದೋ? ಇದಕ್ಕೆ ಉತ್ತರ ನೀವು ಯಾವ ಆಟ ಆಡುತ್ತೀರಿ ಅನ್ನುವುದಕ್ಕಿಂತ ಎಂಥ ರೂಮಿನಲ್ಲಿ ಇರುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಹಿಂಜವಡಿ, ವಾಕಡ್ ಕಡೆ ಮೂವರು ಸೇರಿ ಇರುವ ರೂಮು, ಹನ್ನೊಂದು ತಿಂಗಳ ಕರಾರು ಮುಗಿದರೆ ಮತ್ತೆ ಮನೆ ಬದಲು, ಹಬ್ಬಕ್ಕೆ ಊರು, ಕಾಲೇಜಿಗೂ ಅದೇ ಮಷೀನು ಬೇಕು. ಹೀಗಿದ್ದರೆ ಲ್ಯಾಪ್‌ಟಾಪೇ ಸರಿ. ಡೊಂಬಿವಲಿಯಲ್ಲೋ ಠಾಣೆಯಲ್ಲೋ ಸ್ವಂತ ಮನೆಯಿದ್ದು ಮೇಜಿಗೊಂದು ಮೂಲೆ ಸಿಗುತ್ತದೆ ಅಂದರೆ ಡೆಸ್ಕ್‌ಟಾಪ್ ಕಟ್ಟಿಸಿ. ಓಡಾಟಕ್ಕೆ ಬೇಕಿದ್ದರೆ ಒಂದು ಸಾಧಾರಣ ಲ್ಯಾಪ್‌ಟಾಪ್ ಬೇರೆ ಇಟ್ಟುಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ಪೂ ಪ್ರೊಸೆಸರೂ ಬೋರ್ಡಿಗೇ ಬೆಸೆದುಕೊಂಡಿರುತ್ತವೆ. ಮೂರು ವರ್ಷದ ಮೇಲೆ ಕಾರ್ಡ್ ಒಂದನ್ನೇ ಬದಲಿಸುತ್ತೇನೆ ಅನ್ನುವ ದಾರಿ ಅಲ್ಲಿಲ್ಲ. ವಾರಂಟಿ ಮುಗಿದ ಮೇಲೆ ಗ್ರಾಫಿಕ್ಸ್ ಚಿಪ್ ಹೋದರೆ ಇಡೀ ಬೋರ್ಡೇ ಹೊಸದು ಹಾಕಿಸಬೇಕು. ಆ ಖರ್ಚು ಎಷ್ಟೋ ಸಲ ಹಳೆಯ ಲ್ಯಾಪ್‌ಟಾಪ್ ಮಾರಿದರೆ ಬರುವ ಬೆಲೆಯನ್ನೂ ಮೀರುತ್ತದೆ.

ಡೆಸ್ಕ್‌ಟಾಪಿನ ಲೆಕ್ಕ ಹಾಕುವಾಗ ಹೆಚ್ಚಿನವರು ಮರೆಯುವ ಬಾಬತ್ತು ಯುಪಿಎಸ್. ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುವುದು ಪುಣೆಯಲ್ಲಿ ರೂಢಿ. ಮಳೆಗಾಲದಲ್ಲಂತೂ ಯಾವಾಗ ಹೋಗುತ್ತದೋ ಹೇಳಲಾಗದು. ಆಟದ ಹೊತ್ತಿನಲ್ಲಿ 300 ವಾಟ್ ಎಳೆಯುವ ಡೆಸ್ಕ್‌ಟಾಪಿಗೆ 600 ವಿಎ ಯುಪಿಎಸ್ ಉಸಿರುಗಟ್ಟುತ್ತದೆ, 1 ಕೆವಿಎ ಬೇಕು. ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಎಲ್ಲ ಕೂಡಿಸಿದ ಮೇಲೆ ಉಳಿಯುವ ದುಡ್ಡಿಗೆ ಯಾವ ಕಾರ್ಡ್ ಬರುತ್ತದೆ ಅಂತ ನೋಡಿ ಆಮೇಲೆ ಹೋಲಿಸಿ.

ಹೆಸರು ನೋಡಬೇಡಿ, ವಾಟ್ ಕೇಳಿ

ಲ್ಯಾಪ್‌ಟಾಪ್ ಕೊಳ್ಳುವವರಿಗೆ ಹೆಚ್ಚು ನಷ್ಟ ಆಗುವುದು ಇಲ್ಲಿಯೇ. ಪೆಟ್ಟಿಗೆಯ ಮೇಲೆ ಆರ್‌ಟಿಎಕ್ಸ್ 4060 ಅಂತ ಗ್ರಾಫಿಕ್ಸ್ ಚಿಪ್ಪಿನ ಹೆಸರು ಬರೆದಿರುತ್ತದೆ. ಚಿಪ್ಪಿನ ವೇಗ ಅದಕ್ಕೆ ಎಷ್ಟು ವಾಟ್ ಕರೆಂಟ್ ಸಿಗುತ್ತದೆ ಅನ್ನುವುದರ ಮೇಲೂ ನಿಂತಿದೆ. ಆದರೆ ಲ್ಯಾಪ್‌ಟಾಪಿನ 4060 ಅನ್ನು 35 ವಾಟ್‌ನಿಂದ 115 ವಾಟ್‌ವರೆಗೆ ಎಲ್ಲಿ ಬೇಕಾದರೂ ಕೂರಿಸುವ ಸ್ವಾತಂತ್ರ್ಯ ತಯಾರಕರಿಗಿದೆ. ಡೈನಮಿಕ್ ಬೂಸ್ಟ್ (ಪ್ರೊಸೆಸರಿನ ಪಾಲಿನ ವಾಟನ್ನು ಗ್ರಾಫಿಕ್ಸಿಗೆ ಕೊಡುವ ವ್ಯವಸ್ಥೆ) ಸೇರಿಸಿ 140ರ ತನಕ ಹೋಗುವ ಮಾದರಿಗಳೂ ಇವೆ. ತೆಳ್ಳಗೆ, ಚೆಂದಗೆ ಕಾಣುವ ಮಾದರಿಯಲ್ಲಿ ಅದೇ ಚಿಪ್ಪನ್ನು 60 ವಾಟ್‌ಗೆ ಕಟ್ಟಿಹಾಕಿದ್ದರೆ, ಪೂರ್ತಿ ವಾಟ್ ಸಿಗುವ ದಪ್ಪ ಮಾದರಿಯ 4050ಕ್ಕೂ (ಒಂದು ಮೆಟ್ಟಿಲು ಕೆಳಗಿನ ಚಿಪ್) ಅದಕ್ಕೂ ಅಂತರ ಹೆಚ್ಚೇನೂ ಉಳಿಯುವುದಿಲ್ಲ. ಇನ್ನೊಂದು ಬದಿಯನ್ನೂ ತಿಳಿದಿರಿ: 4060ರಲ್ಲಿ 100 ವಾಟ್ ದಾಟಿದ ಮೇಲೆ ಸಿಗುವ ಲಾಭ ತೀರಾ ಕಡಿಮೆ. 140 ಅಂತ ಬರೆದದ್ದಕ್ಕೆ ಹತ್ತು ಸಾವಿರ ಹೆಚ್ಚು ಕೊಡಬೇಕಾಗಿಲ್ಲ.

ಅಂಗಡಿಯಲ್ಲಿ ಇದನ್ನು ಎರಡು ನಿಮಿಷದಲ್ಲಿ ನೋಡಬಹುದು. ಡೆಮೊ ಮಷೀನಿನಲ್ಲಿ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು, ಹೆಲ್ಪ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಒತ್ತಿ. ಬರುವ ಪಟ್ಟಿಯಲ್ಲಿ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅನ್ನುವ ಸಾಲಿನಲ್ಲಿ ವಾಟ್ ಸಂಖ್ಯೆ ಇರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ, ಜೊತೆಗೆ ತಳದಲ್ಲಿರುವ ಪೂರ್ತಿ ಮಾಡೆಲ್ ನಂಬರಿನ ಫೋಟೊ ಕೂಡ. ಟಫ್, ಎಲ್‌ಒಕ್ಯೂ, ವಿಕ್ಟಸ್, ನೈಟ್ರೊ ಅನ್ನುವುದು ಕುಟುಂಬದ ಹೆಸರು ಮಾತ್ರ. ಅದರೊಳಗೆ ಸ್ಕ್ರೀನು, ವಾಟು, ಅಡಾಪ್ಟರು ಬೇರೆ ಬೇರೆ ಇರುವ ಮಾದರಿಗಳು ಸಾಕಷ್ಟಿರುತ್ತವೆ. ಬಿಲ್ಲಿನಲ್ಲಿ ಬರುವ ನಂಬರ್ ನೀವು ನೋಡಿದ್ದಕ್ಕೆ ಕೊನೆಯ ಅಕ್ಷರದ ತನಕ ತಾಳೆಯಾಗಬೇಕು.

ಗ್ರಾಫಿಕ್ಸ್ ಚಿಪ್ಪಿನ ಸ್ವಂತ ಮೆಮೊರಿಯ ವಿಷಯ ಚಿಕ್ಕದು. ಲ್ಯಾಪ್‌ಟಾಪಿನ 4050ಗೆ 6 ಜಿಬಿ, 4060ಗೆ 8 ಜಿಬಿ. 4070ಕ್ಕೂ ಅಷ್ಟೇ 8. ಹೊಸ ಸರಣಿಯ 5060, 5070 ಎರಡಕ್ಕೂ 8. ಇತ್ತೀಚಿನ ದೊಡ್ಡ ಆಟಗಳು 1080ಪಿ ಹೈ ಟೆಕ್ಸ್ಚರ್‌ಗೇ 6 ಜಿಬಿ ದಾಟುತ್ತವೆ, ಆದ್ದರಿಂದ 4050ರಿಂದ 4060ಕ್ಕೆ ಏರುವ ದುಡ್ಡು ದಂಡವಲ್ಲ. 4060ರಿಂದ 4070ಕ್ಕೆ ಏರುವಾಗ ಮಾತ್ರ ಎರಡು ಸಲ ಯೋಚಿಸಿ. ಡೆಸ್ಕ್‌ಟಾಪಿನ 4070ರಲ್ಲಿ 12 ಜಿಬಿ, 5888 ಕೋರ್. ಲ್ಯಾಪ್‌ಟಾಪಿನದರಲ್ಲಿ 8 ಜಿಬಿ, 4608 ಕೋರ್. ಯೂಟ್ಯೂಬಿನಲ್ಲಿ ಡೆಸ್ಕ್‌ಟಾಪ್ ಕಾರ್ಡಿನ ಫ್ರೇಮು (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ನೋಡಿ ಅದೇ ಲ್ಯಾಪ್‌ಟಾಪಿನಲ್ಲೂ ಬರುತ್ತದೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ರ‍್ಯಾಮ್ 16 ಜಿಬಿ ಅಂತ ಹೇಳಿ ಒಂದೇ ಪಟ್ಟಿ (ಸ್ಟಿಕ್) ಹಾಕಿ ಕೊಡುವುದು ಸಾಮಾನ್ಯ. ಒಂದೇ ಪಟ್ಟಿಯಿದ್ದರೆ ಪ್ರೊಸೆಸರಿಗೆ ಡೇಟಾ ಹೋಗುವ ದಾರಿ ಅರ್ಧವಾಗುತ್ತದೆ, ವ್ಯಾಲೊರಂಟ್‌ನಂಥ ಪ್ರೊಸೆಸರ್ ಮೇಲೆ ನಿಂತ ಆಟಗಳಲ್ಲಿ ಫ್ರೇಮು ಎಡವುತ್ತವೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಅಂತ ಕಾಣುತ್ತದೆ. ಎರಡರಲ್ಲಿ ಒಂದು ಅಂತ ಬಂದರೆ ಅದೇ ವೇಗದ ಇನ್ನೊಂದು ಪಟ್ಟಿಯ ಖರ್ಚನ್ನೂ ಬೆಲೆಗೆ ಕೂಡಿಸಿಕೊಳ್ಳಿ. ಬೋರ್ಡಿಗೇ ಬೆಸೆದ ರ‍್ಯಾಮ್ ಆಗಿದ್ದರೆ 16ಕ್ಕಿಂತ ಕಡಿಮೆಯದನ್ನು ಮುಟ್ಟಲೇಬೇಡಿ. ಎಸ್‌ಎಸ್‌ಡಿಗೆ ಎರಡನೆಯ ಸ್ಲಾಟ್ ಇದೆಯೇ ಅಂತಲೂ ಕೇಳಿ. ಒಂದೊಂದು ದೊಡ್ಡ ಆಟ 100 ಜಿಬಿ ದಾಟುವಾಗ 512 ಜಿಬಿ ಬೇಗ ತುಂಬಿಹೋಗುತ್ತದೆ.

ಸ್ಕ್ರೀನಿನಲ್ಲಿ 144 ಹರ್ಟ್ಸ್ ಅನ್ನುವುದನ್ನು ದೊಡ್ಡದಾಗಿ ಬರೆದು, ಬಣ್ಣದ ಸಂಖ್ಯೆಯನ್ನು ಮೂಲೆಗೆ ಹಾಕಿರುತ್ತಾರೆ. 45 ಶೇಕಡ ಎನ್‌ಟಿಎಸ್‌ಸಿ, 250 ನಿಟ್ಸ್ (ಮೊದಲನೆಯದು ಬಣ್ಣದ ಅಳತೆ, ಎರಡನೆಯದು ಬೆಳಕಿನದು) ಅಂತಿದ್ದರೆ ಅದು ಬಿಳಚಿದ ಸ್ಕ್ರೀನ್. ಕಿಟಕಿ ಪಕ್ಕ ಕೂತರೆ ಕಾಣುವುದೂ ಕಷ್ಟ, ವಿಡಿಯೊ ಎಡಿಟಿಂಗಿಗೆ ಉಪಯೋಗವಿಲ್ಲ. 100 ಶೇಕಡ ಎಸ್‌ಆರ್‌ಜಿಬಿ, 300 ನಿಟ್ಸ್ ಇರಲಿ. ಮಕ್ಸ್ ಸ್ವಿಚ್ ಇದೆಯೇ ಕೇಳಿ. ಇಲ್ಲದಿದ್ದರೆ ಗ್ರಾಫಿಕ್ಸ್ ಚಿಪ್ ಮಾಡಿದ ಪ್ರತಿ ಫ್ರೇಮೂ ಪ್ರೊಸೆಸರಿನೊಳಗಿನ ಚಿಕ್ಕ ಗ್ರಾಫಿಕ್ಸ್ ಹಾದು ಸ್ಕ್ರೀನಿಗೆ ಬರುತ್ತದೆ, ವೇಗದ ಶೂಟಿಂಗ್ ಆಟಗಳಲ್ಲಿ ಅದರ ನಷ್ಟ ಗೊತ್ತಾಗುತ್ತದೆ.

ರೂಮಿನಲ್ಲಿ ಅದು ಹೇಗೆ ಬಾಳುತ್ತದೆ

ಏಪ್ರಿಲ್–ಮೇ ತಿಂಗಳಲ್ಲಿ ಪುಣೆ 40 ಡಿಗ್ರಿ ಮುಟ್ಟುತ್ತದೆ. ಲ್ಯಾಪ್‌ಟಾಪಿನ ಫ್ಯಾನು ರೂಮಿನ ಗಾಳಿಯಿಂದಲೇ ಚಿಪ್ಪನ್ನು ತಣಿಸಬೇಕು. ರೂಮು 10 ಡಿಗ್ರಿ ಏರಿದರೆ ಒಳಗಿನ ಚಿಪ್ಪೂ ಸುಮಾರು ಅಷ್ಟೇ ಏರುತ್ತದೆ. ಎಸಿ ಶೋರೂಮಿನಲ್ಲಿ 85 ಡಿಗ್ರಿ ತೋರಿಸಿದ ಪ್ರೊಸೆಸರು ಇಲ್ಲಿ 95–100ಕ್ಕೆ ಬಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಫ್ರೇಮು ಬೀಳುತ್ತವೆ ಅನ್ನುವ ದೂರಿಗೆ ಹೆಚ್ಚಿನ ಸಲ ಕಾರಣ ಇದೇ. ಪಿಜಿ ಮಂಚದ ಮೇಲೆ, ಹಾಸಿಗೆಯ ಮೇಲಿಟ್ಟು ಆಡಿದರಂತೂ ತಳದ ಜಾಲರಿಯೇ ಮುಚ್ಚಿಹೋಗುತ್ತದೆ.

ಕೂಲಿಂಗ್ ಪ್ಯಾಡಿಗೆ ದುಡ್ಡು ಹಾಕುವ ಮೊದಲು ಖರ್ಚಿಲ್ಲದ ಮೂರು ಕೆಲಸ ಮಾಡಿ. ಗಟ್ಟಿ ಮೇಜಿನ ಮೇಲೆ ಹಿಂಬದಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತಿಡಿ. ಆಟದ ಸೆಟ್ಟಿಂಗಿನಲ್ಲಿ ಸೆಕೆಂಡಿನ ಫ್ರೇಮಿಗೆ, ಅಂದರೆ ಎಫ್‌ಪಿಎಸ್‌ಗೆ ಮಿತಿ ಹಾಕಿ. ಕಥೆಯ ಆಟಕ್ಕೆ 60 ಧಾರಾಳ ಸಾಕು. ಮೂರನೆಯದು ವಿಂಡೋಸ್ ಪವರ್ ಪ್ಲಾನಿನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100ರಿಂದ 99ಕ್ಕೆ ಇಳಿಸುವುದು. ಅಷ್ಟಕ್ಕೇ ಪ್ರೊಸೆಸರಿನ ಟರ್ಬೊ (ತಾನೇ ವೇಗ ಏರಿಸಿಕೊಳ್ಳುವುದು) ನಿಲ್ಲುತ್ತದೆ, ಶಾಖ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಗ್ರಾಫಿಕ್ಸ್ ಮೇಲೆ ನಿಂತ ಆಟಗಳಲ್ಲಿ ಫ್ರೇಮಿನ ನಷ್ಟ ಹೆಚ್ಚಿರುವುದಿಲ್ಲ. ಕೆಲವು ಮಾದರಿಗಳಲ್ಲಿ ಈ ಆಯ್ಕೆ ಅಡಗಿರುತ್ತದೆ, ಆಗ ಕಂಪನಿಯ ಆ್ಯಪಿನಲ್ಲಿರುವ ಬ್ಯಾಲೆನ್ಸ್ಡ್ ಮೋಡ್ ಬಳಸಿ. ಫ್ಯಾನಿನ ಸದ್ದೂ ಇದರಿಂದ ತಗ್ಗುತ್ತದೆ. ಪೂರ್ತಿ ಪರ್ಫಾರ್ಮೆನ್ಸ್ ಮೋಡಿನಲ್ಲಿ 50 ಡೆಸಿಬಲ್ ಆಸುಪಾಸಿನ ಸದ್ದು ಬರುತ್ತದೆ. ಬೆಳಗಿನ ಪಾಳಿಗೆ ಏಳಬೇಕಾದ ರೂಮ್‌ಮೇಟ್ ಪಕ್ಕದಲ್ಲಿ ಮಲಗಿರುವಾಗ ಅದು ದೊಡ್ಡ ಸದ್ದೇ.

ಧೂಳಿನ ವಿಷಯವನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಹೊರಗಿನಿಂದ ಅದು ಕಾಣುವುದಿಲ್ಲ. ಹೊರಗಿನ ಜಾಲರಿ ಸ್ವಚ್ಛವಾಗಿದ್ದರೂ ಒಳಗೆ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಬಟ್ಟೆಯ ಎಳೆ, ಧೂಳು, ಮಳೆಗಾಲದ ತೇವ ಸೇರಿ ಕಂಬಳಿಯ ಚೂರಿನಂಥ ಪದರ ಕಟ್ಟುತ್ತದೆ. ವ್ಯಾಕ್ಯೂಮ್ ಹಿಡಿದರೆ ಅದು ಬರುವುದಿಲ್ಲ. ಮಷೀನು ಪೂರ್ತಿ ಆಫ್ ಮಾಡಿ, ತಳದ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ, ಬಿಚ್ಚಿದ ಜಾಗದ ಕ್ರಮದಲ್ಲೇ ಕಾಗದದ ಮೇಲಿಡಿ. ಉದ್ದದ್ದನ್ನು ಚಿಕ್ಕದರ ಜಾಗಕ್ಕೆ ಹಾಕಿದರೆ ಕೀಬೋರ್ಡ್ ಕಡೆ ಉಬ್ಬು ಏಳುತ್ತದೆ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಗಾಳಿ ಊದಬೇಕು, ಇಲ್ಲದಿದ್ದರೆ ಅದು ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪದರವನ್ನು ಮೆತ್ತನೆಯ ಬ್ರಷ್ಷಿನಿಂದ ಎತ್ತಿ ತೆಗೆಯಿರಿ. ವರ್ಷಕ್ಕೊಮ್ಮೆ, ರಸ್ತೆ ಬದಿಯ ರೂಮಾದರೆ ಆರು ತಿಂಗಳಿಗೊಮ್ಮೆ. ಮುಚ್ಚಳ ಬಿಚ್ಚಿದರೆ ವಾರಂಟಿ ಏನಾಗುತ್ತದೆ ಅಂತ ಕೊಳ್ಳುವಾಗಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಕಾರ್ಖಾನೆಯಲ್ಲೇ ಲಿಕ್ವಿಡ್ ಮೆಟಲ್ (ಚಿಪ್ಪಿನ ಶಾಖ ದಾಟಿಸುವ ದ್ರವ ಲೋಹ) ಹಾಕಿದ ಮಾದರಿಯಾದರೆ ಹೀಟ್‌ಸಿಂಕ್ ಎತ್ತಲು ಗಲ್ಲಿಯ ರಿಪೇರಿಯವರಿಗೆ ಕೊಡಬೇಡಿ. ಆ ಲೋಹದಲ್ಲಿ ಕರೆಂಟ್ ಹರಿಯುತ್ತದೆ, ಒಂದು ಹನಿ ಆಚೆ ಬಿದ್ದರೂ ಬೋರ್ಡ್ ಸುಡಬಹುದು.

ಮುಂಬೈ, ಗೋವಾದಲ್ಲಿರುವ ನಮ್ಮವರಿಗೆ ಇದರ ಜೊತೆಗೆ ಸಮುದ್ರದ ಉಪ್ಪುಗಾಳಿ. ಯುಎಸ್‌ಬಿ, ಚಾರ್ಜಿಂಗ್ ಪೋರ್ಟಿನ ಲೋಹಕ್ಕೆ ಹಸಿರು ಬರುವುದು, ಸಂಪರ್ಕ ಸಡಿಲಾಗುವುದು ಇದರಿಂದಲೇ. ಜುಲೈ–ಆಗಸ್ಟಿನಲ್ಲಿ ಮಷೀನನ್ನು ವಾರಗಟ್ಟಲೆ ಮುಚ್ಚಿಡದೆ ವಾರಕ್ಕೊಂದು ತಾಸಾದರೂ ಚಾಲೂ ಮಾಡಿ, ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮಾಮೂಲಿ ವಾರಂಟಿಯಲ್ಲಿ ನೀರಿನ ಹಾನಿ ಬರುವುದಿಲ್ಲ. ಲೋಕಲ್ ಟ್ರೇನಿನಲ್ಲಿ ಮಳೆಗೆ ಓಡಾಡುವವರು ಆಕ್ಸಿಡೆಂಟಲ್ ಡ್ಯಾಮೇಜ್ ಕವರ್ ಕೊಳ್ಳುವುದು ಒಳ್ಳೆಯದು. ವಾಸ್ಕೊ, ಮಡಗಾಂವ್ ಕಡೆಯವರು ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿ ಇರುವುದನ್ನೇ ಆರಿಸಿ.

ಮೆಟಲ್ ಮೈಯ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಮಷೀನು ಕೆಟ್ಟಿದೆ ಅಂತ ಓಡುವ ಮೊದಲು ರೂಮಿನ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿ. ಮೂರು ಪಿನ್ನಿನ ಅಡಾಪ್ಟರನ್ನು ಎರಡು ಪಿನ್ನಿನ ಎಕ್ಸ್‌ಟೆನ್ಶನ್ನಿಗೆ ಸಿಕ್ಕಿಸಿದರೂ ಹೀಗೇ ಆಗುತ್ತದೆ.

ಬ್ಯಾಟರಿ, ಭಾರ, ಬಿಲ್ಲು

ಪ್ಲಗ್ ಇಲ್ಲದೆ ಆಡಬಹುದು ಅನ್ನುವ ಆಸೆ ಇಟ್ಟುಕೊಳ್ಳಬೇಡಿ. 60 ವಾಟ್-ಅವರ್ ಬ್ಯಾಟರಿಯಿಂದ 60 ವಾಟ್ ಎಳೆದರೆ ಒಂದು ತಾಸಿಗೆ ಖಾಲಿ. ಮೇಲಾಗಿ, ಅಡಾಪ್ಟರ್ ಕೊಡುವ 180–230 ವಾಟ್ ಅನ್ನು ಬ್ಯಾಟರಿ ಕೊಡಲಾರದು, ವೇಗವೂ ಇಳಿಯುತ್ತದೆ. ಅಡಾಪ್ಟರೇ ಚಿಕ್ಕದಾಗಿದ್ದರೆ ಪ್ಲಗ್ ಹಾಕಿ ಆಡುವಾಗಲೂ ಚಾರ್ಜ್ ಇಳಿಯುತ್ತಾ ಹೋಗುತ್ತದೆ, ಅದು ಕೊಳ್ಳಬಾರದ ಮಾದರಿ. ದಿನವಿಡೀ ಪ್ಲಗ್‌ನಲ್ಲೇ ಇಡುವವರು ಕಂಪನಿಯ ಆ್ಯಪಿನಲ್ಲಿ ಚಾರ್ಜಿಗೆ 80 ಶೇಕಡ ಮಿತಿ ಹಾಕಿ. ನೂರಕ್ಕೆ ನೂರು ತುಂಬಿ, ಮೇಲೆ ಶಾಖವೂ ತಾಗಿದರೆ ಬ್ಯಾಟರಿ ಉಬ್ಬುವುದು ಬೇಗ.

ಮಷೀನು 2.3 ಕೆಜಿ, ಅಡಾಪ್ಟರು 700 ಗ್ರಾಂ, ಒಟ್ಟು ಬೆನ್ನಿಗೆ 3 ಕೆಜಿ. ಕಾಲೇಜಿಗೆ ದೊಡ್ಡ ಅಡಾಪ್ಟರ್ ಹೊರಬೇಕಿಲ್ಲ, ಟೈಪ್-ಸಿ ಪೋರ್ಟ್ ಚಾರ್ಜ್ ತೆಗೆದುಕೊಳ್ಳುತ್ತದೆ ಅಂದರೆ 65 ಅಥವಾ 100 ವಾಟ್ ಚಿಕ್ಕ ಚಾರ್ಜರ್ ಸಾಕು. ಟೈಪ್-ಸಿ ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆ ಅಂತಲ್ಲ, ಅಂಗಡಿಯಲ್ಲೇ ಸಿಕ್ಕಿಸಿ ನೋಡಿ. ಊರಿಗೆ ಹೋಗುವಾಗ ರೈಲಿನ ಬರ್ತ್ ಪಕ್ಕದ 110 ವೋಲ್ಟ್ ಸಾಕೆಟ್ಟಿಗೆ ದೊಡ್ಡ ಅಡಾಪ್ಟರ್ ಹಾಕಲೇಬೇಡಿ. ಅದು ಮೊಬೈಲಿಗೆ ತಕ್ಕ ಪಾಯಿಂಟು.

ಕರೆಂಟ್ ಲೆಕ್ಕ: ಆಟದ ಹೊತ್ತಿನಲ್ಲಿ ಗೋಡೆಯಿಂದ 200 ವಾಟ್, ದಿನಕ್ಕೆ 3 ತಾಸು ಅಂದರೆ ತಿಂಗಳಿಗೆ 18 ಯೂನಿಟ್. ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ದರ 100 ಯೂನಿಟ್ ದಾಟಿದ ಮೇಲೆ ಜಿಗಿಯುತ್ತದೆ. ಆದ್ದರಿಂದ ಮೀಟರ್ ಹಂಚಿಕೊಂಡವರು ಈ ಯೂನಿಟ್ಟಿನ ಮಾತನ್ನು ಮೊದಲೇ ಆಡಿಕೊಳ್ಳಿ.

ಎಲ್ಲಿ ಕೊಳ್ಳುವುದು? ಮುಟ್ಟಿ ನೋಡಲಿಕ್ಕೆ ಕ್ರೋಮಾ, ವಿಜಯ್ ಸೇಲ್ಸ್. ರ‍್ಯಾಮ್, ಎಸ್‌ಎಸ್‌ಡಿ ದರ ವಿಚಾರಿಸಲಿಕ್ಕೆ ಮುಂಬೈಯಲ್ಲಿ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್. ಕೇಬಲ್ಲು, ಎಕ್ಸ್‌ಟೆನ್ಶನ್ ಬೋರ್ಡಿನಂಥ ಚಿಲ್ಲರೆ ಸಾಮಾನಿಗೆ ಪುಣೆಯ ಬುಧವಾರ ಪೇಠೆಯ ತಪಕೀರ್ ಗಲ್ಲಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಲ್ಯಾಪ್‌ಟಾಪಿಗೆ ಜಿಎಸ್‌ಟಿ 18 ಶೇಕಡ. 1,00,000 ರೂಪಾಯಿ ಬಿಲ್ಲಿನಲ್ಲಿ ತೆರಿಗೆಯೇ 15,254. ಸ್ವಂತ ಕೆಲಸ ಮಾಡುವ ಜಿಎಸ್‌ಟಿ ನೋಂದಾಯಿತರು ಕೆಲಸಕ್ಕೆಂದೇ ಕೊಂಡರೆ ತಮ್ಮ ನಂಬರ್ ಹಾಕಿಸಿ ಅದನ್ನು ಕ್ರೆಡಿಟ್ ತೆಗೆದುಕೊಳ್ಳಬಹುದು. ನೋ ಕಾಸ್ಟ್ ಇಎಂಐನಲ್ಲೂ ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಫೀ ನಿಮ್ಮ ತಲೆಗೇ ಬರುತ್ತದೆ, ಆ ಮೊತ್ತ ಕೇಳಿ ತಿಳಿದುಕೊಳ್ಳಿ.

ಮನೆಗೆ ತಂದ ದಿನ ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೊ ಮಾಡಿ. ಸೀರಿಯಲ್ ನಂಬರನ್ನು ಕಂಪನಿಯ ಸೈಟಿಗೆ ಹಾಕಿ ವಾರಂಟಿ ಯಾವಾಗ ಶುರುವಾಗಿದೆ ನೋಡಿ. ನಿಮ್ಮ ಬಿಲ್ಲಿಗಿಂತ ತಿಂಗಳುಗಟ್ಟಲೆ ಹಿಂದಿನ ತಾರೀಖಿದ್ದರೆ ಬಿಲ್ ಕಳಿಸಿ ಸರಿಪಡಿಸಿಕೊಳ್ಳಿ, ಡೆಮೊ ಪೀಸ್ ಅಲ್ಲವೇ ಅಂತಲೂ ವಿಚಾರಿಸಿ. ಸ್ಕ್ರೀನಿಗೆ ಪೂರ್ತಿ ಬಿಳಿ, ಕಪ್ಪು, ಕೆಂಪು ಚಿತ್ರ ಹಾಕಿ ಸತ್ತ ಪಿಕ್ಸೆಲ್ ಹುಡುಕಿ. ಕಪ್ಪು ಚಿತ್ರವನ್ನು ದೀಪ ಆರಿಸಿ ನೋಡಿದರೆ ಅಂಚಿನಿಂದ ಬೆಳಕು ಸೋರುವುದೂ ಗೊತ್ತಾಗುತ್ತದೆ. ಆಮೇಲೆ ಒಂದು ಭಾರಿ ಆಟವನ್ನು ಅರ್ಧ ತಾಸು ಓಡಿಸಿ, ಎಚ್‌ಡಬ್ಲ್ಯೂ ಇನ್ಫೋ ಅನ್ನುವ ತಪಾಸಣೆಯ ಸಾಫ್ಟ್‌ವೇರಿನಲ್ಲಿ ಗ್ರಾಫಿಕ್ಸ್ ವಾಟ್ ಅಂಗಡಿಯಲ್ಲಿ ಕಂಡ ಸಂಖ್ಯೆಯ ಹತ್ತಿರ ನಿಲ್ಲುತ್ತದೆಯೇ, ಚಾರ್ಜ್ ಇಳಿಯುತ್ತಿದೆಯೇ ನೋಡಿ. ಬದಲಿ ಕೊಡುವ ಅವಧಿ ಎಷ್ಟೋ ಕಡೆ ಏಳೇ ದಿನ, ಆದ್ದರಿಂದ ಇಷ್ಟನ್ನೂ ಮೊದಲ ಎರಡು ದಿನದಲ್ಲೇ ಮುಗಿಸಿ.