ಲೆಕ್ಕದಲ್ಲಿ ಪಾಸ್ ಆಗಿದ್ದ ಸ್ಪ್ರಿಂಕ್ಲರ್: 0.1 ಬಾರ್ ನಂಬಿ ನಾನು ಕೆಟ್ಟ ಕಥೆ

ಬೆಂಕಿ ಬಿದ್ದಾಗ ಚಾವಣಿಯಿಂದ ನೀರು ಚಿಮ್ಮುವ ಸ್ಪ್ರಿಂಕ್ಲರ್ ಡಿಸೈನ್ ಮಾಡುವವರೂ ಮಾಡಿಸುವವರೂ ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಬೇರೆಯವರ ಪಾಲೂ ಇದರಲ್ಲಿದೆ, ಆದರೆ ಡ್ರಾಯಿಂಗ್ ಮೇಲಿನ ಸಹಿ ನನ್ನದು. ಹಾಗಾಗಿ ತಪ್ಪೂ ನನ್ನದೇ.

ಮೂರು ಅಂತಸ್ತಿನ ಕಟ್ಟಡ. ಫೈರ್ ಪಂಪ್ ಇಲ್ಲ. ರಸ್ತೆಯ ಮುಖ್ಯ ಕೊಳವೆಯಲ್ಲಿ ಬರುವ ಒತ್ತಡದಲ್ಲೇ ಎಲ್ಲ ನಡೆಯಬೇಕು. ಮಾಲೀಕರ ಕಡೆಯವರು ಒಂದು ಫ್ಲೋ ಟೆಸ್ಟ್ ವರದಿ ಕೊಟ್ಟರು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಒಂದು ಹೈಡ್ರಂಟ್ (ಅಗ್ನಿಶಾಮಕರು ನೀರು ಎಳೆಯುವ ರಸ್ತೆಬದಿಯ ನಲ್ಲಿ) ತೆರೆದು ನೀರು ಹರಿಸುತ್ತಾರೆ, ಪಕ್ಕದ ಇನ್ನೊಂದು ಹೈಡ್ರಂಟ್‌ಗೆ ಗೇಜ್ ಕಟ್ಟಿ ಒತ್ತಡ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ನೀರು ಹರಿಯದಿದ್ದಾಗ 4.5 ಬಾರ್, ನಿಮಿಷಕ್ಕೆ 3000 ಲೀಟರ್ ಹರಿಯುವಾಗ 3.3 ಬಾರ್ ಅಂತ ವರದಿಯಲ್ಲಿತ್ತು. ನಮಗೆ ಬೇಕಿದ್ದದ್ದು, ಅಗ್ನಿಶಾಮಕರ ಹೋಸ್‌ಗೆ ಬಿಡಬೇಕಾದ ನೀರೂ ಸೇರಿ, ನಿಮಿಷಕ್ಕೆ 2400 ಲೀಟರ್. ಗ್ರಾಫ್ ಪ್ರಕಾರ ಅಷ್ಟು ನೀರು ಎಳೆದಾಗ 3.7 ಬಾರ್ ಉಳಿಯುತ್ತಿತ್ತು. ನನ್ನ ಮೊದಲ ಡಿಸೈನ್‌ಗೆ 3.2 ಸಾಕಾಗಿತ್ತು. ಅರ್ಧ ಬಾರ್ ಕೈಯಲ್ಲಿತ್ತು.

ಮೀಟಿಂಗ್‌ನಲ್ಲಿ ಗುತ್ತಿಗೆದಾರರು ಕೇಳಿದರು, "ಅರ್ಧ ಬಾರ್ ಸುಮ್ನೆ ಬಿದ್ದಿದೆ ಅಲ್ವಾ ಸರ್? ಪೈಪ್ ಸಣ್ಣದು ಮಾಡಬಹುದಲ್ಲ?"

ಮಾಡಬಹುದಿತ್ತು. ಮಾಡಿದೆ. ರೈಸರ್‌ನಿಂದ (ನೀರನ್ನು ಮೇಲಕ್ಕೆ ಒಯ್ಯುವ ನೆಟ್ಟಗಿನ ಪೈಪ್) ಹೊರಡುವ 100 ಮಿ.ಮೀ. ಪೈಪನ್ನು 80 ಮಾಡಿದೆ. ಬರೀ ಹದಿನೈದು ಮೀಟರ್ ಉದ್ದ. ಆದರೆ ವ್ಯಾಸ ಕಡಿಮೆಯಾದಂತೆ ಪೈಪಿನೊಳಗಿನ ಘರ್ಷಣೆ ಅದರ 4.87ನೇ ಘಾತದ ಲೆಕ್ಕದಲ್ಲಿ ಏರುತ್ತದೆ. ಒಂದು ಸೈಜ್ ಇಳಿಸಿದ್ದಕ್ಕೆ ಅಷ್ಟು ದೂರದ ನಷ್ಟ ಸುಮಾರು ನಾಲ್ಕು ಪಟ್ಟಾಯಿತು. 0.4 ಬಾರ್ ಹೋಯಿತು. ಬೇಕಾದ ಒತ್ತಡ ಈಗ 3.6, ಸಿಗುವುದು 3.7. ಸಾಫ್ಟ್‌ವೇರ್ ಪಾಸ್ ಅಂತ ಹಸಿರು ತೋರಿಸಿತು. ನಾನು ಪ್ರಿಂಟ್ ತೆಗೆದೆ.

ಆ 0.1 ಬಾರ್ ಅನ್ನು ನಾನು ಉಳಿತಾಯ ಅಂದುಕೊಂಡಿದ್ದೆ. ನಿಜಕ್ಕೂ ಅದರ ಮೇಲೆ ಆಗಲೇ ನಾಲ್ಕು ಸಾಲ ಇದ್ದವು.

ಮೊದಲನೆಯದು ಖರೀದಿ ವಿಭಾಗದ್ದು. ನಾನು ಬರೆದಿದ್ದ ಬ್ಯಾಕ್‌ಫ್ಲೋ ಪ್ರಿವೆಂಟರ್ (ಕಟ್ಟಡದ ನೀರು ರಸ್ತೆಯ ಕೊಳವೆಗೆ ವಾಪಸ್ ಹರಿಯದಂತೆ ತಡೆಯುವ ವಾಲ್ವ್) ಬೇಗ ಸಿಗಲಿಲ್ಲ ಅಂತ ಅದೇ ಸೈಜಿನ ಬೇರೆ ಮಾಡೆಲ್ ತಂದರು. ಸೈಜ್ ಒಂದೇ ಆದರೂ ನಮ್ಮ ಹರಿವಿಗೆ ಅದರಲ್ಲಿ 0.2 ಬಾರ್ ಜಾಸ್ತಿ ಕಳೆದುಹೋಗುತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಎರಡನೆಯದು ಸೈಟಿನದು. ಎಸಿ ಡಕ್ಟ್ ಅಡ್ಡ ಬಂದಲ್ಲೆಲ್ಲ ಪೈಪ್ ಮೇಲೆ ಹತ್ತಿ, ಪಕ್ಕಕ್ಕೆ ತಿರುಗಿ, ಮತ್ತೆ ಕೆಳಗಿಳಿಯಿತು. ಒಂದೊಂದು ಬೆಂಡ್ ಅಂದರೂ ಕೆಲವು ಮೀಟರ್ ನೇರ ಪೈಪಿಗೆ ಸಮ. ಎಲ್ಲ ಸೇರಿ 0.15. ಡ್ರಾಯಿಂಗ್‌ನಲ್ಲಿ ಇರುವ ಹಾಗೆಯೇ ಕೂತ ಪೈಪಿಂಗ್ ನಾನು ಇವತ್ತಿನವರೆಗೆ ನೋಡಿಲ್ಲ. ಹಾಗಿದ್ದೂ ಇದಕ್ಕೆ ಜಾಗ ಬಿಡದೆ ಇದ್ದೆನಲ್ಲ, ಅದು ನನ್ನ ದಡ್ಡತನ.

ಅಲ್ಲಿಗೆ ಬೇಕಾದ ಒತ್ತಡ 3.95 ಆಗಿತ್ತು. ರಸ್ತೆಯಲ್ಲಿ 3.7 ಸಿಕ್ಕರೂ ಫೇಲ್. ನನಗೆ ಮಾತ್ರ ಗೊತ್ತೇ ಇರಲಿಲ್ಲ. ಕಟ್ಟಿದ ಮೇಲೆ ಇರುವ ಹಾಗೆ ಮತ್ತೊಮ್ಮೆ ಲೆಕ್ಕ ಹಾಕುವ ಕೆಲಸವನ್ನು "ಆಮೇಲೆ" ಅಂತ ಮುಂದೂಡಿದ್ದೆ.

ಹೊರಬಿದ್ದದ್ದು ಹಸ್ತಾಂತರದ ಹೊತ್ತಿಗೆ. ಪರಿಶೀಲನೆಗೆ ಬಂದ ಅಧಿಕಾರಿ ಫೈಲ್ ತಿರುವಿ, "ಈ ಫ್ಲೋ ಟೆಸ್ಟ್ ಯಾವಾಗಿನದು?" ಅಂದರು. ಆಗ ನಾನು ತಾರೀಖು ನೋಡಿದೆ. ಡ್ರಾಯಿಂಗ್ ಸಲ್ಲಿಸುವಾಗಲೇ ಅದಕ್ಕೆ ಹದಿನಾಲ್ಕು ತಿಂಗಳಾಗಿತ್ತು. ಸ್ಪ್ರಿಂಕ್ಲರ್ ಅಳವಡಿಕೆಯ ಅಮೆರಿಕದ ಮಾನದಂಡವಾದ ಎನ್‌ಎಫ್‌ಪಿಎ 13ರ ಈಚಿನ ಆವೃತ್ತಿಗಳ ಪ್ರಕಾರ, ಅನುಮೋದಿಸುವವರು ಒಪ್ಪದ ಹೊರತು, ಟೆಸ್ಟ್ 12 ತಿಂಗಳಿಗಿಂತ ಹಳೆಯದಾಗಿರಬಾರದು. ಟೆಸ್ಟ್ ಮಾಡಿದ ಸಮಯ ಇನ್ನೂ ಚೆಂದ: ರಜೆಯ ದಿನ, ಬೆಳಗಿನ ಜಾವ. ಊರೆಲ್ಲ ಮಲಗಿರುವಾಗ ಕೊಳವೆಯಲ್ಲಿ ಒತ್ತಡ ಇರದೆ ಇನ್ನೇನು?

ಹೊಸದಾಗಿ ಮಾಡಿಸಿದೆವು. ಬೇಸಿಗೆ, ಎಲ್ಲರೂ ನೀರು ಬಳಸುವ ಹೊತ್ತು. ನೀರು ಹರಿಯದಿದ್ದಾಗಲೇ 4.0. ನಮ್ಮ 2400 ಲೀಟರಿಗೆ ಉಳಿಯುವುದು 3.15. ನೀರು ಪೂರೈಸುವವರನ್ನು ಕೇಳಿದರೆ, ಸೋರಿಕೆ ತಗ್ಗಿಸಲು ಆ ಭಾಗದ ಒತ್ತಡ ಇಳಿಸಿದ್ದೇವೆ ಅಂದರು. ಎಷ್ಟೋ ಕಡೆ ಮಾಡುವ ಕೆಲಸವೇ ಅದು, ಅವರದೇನೂ ತಪ್ಪಿಲ್ಲ. ಇದು ಮೂರನೆಯ ಸಾಲ.

ನಾಲ್ಕನೆಯದು ಹೇಳಲು ನಾಚಿಕೆ. ಗೇಜ್ ಕಟ್ಟಿದ ಹೈಡ್ರಂಟ್ ರಸ್ತೆಯ ಇಳಿಜಾರಿನ ತುದಿಯಲ್ಲಿತ್ತು, ನಮ್ಮ ರೈಸರ್‌ನ ಬುಡಕ್ಕಿಂತ ಒಂದೂವರೆ ಮೀಟರ್ ಕೆಳಗೆ. ಹತ್ತು ಮೀಟರ್ ಎತ್ತರಕ್ಕೆ ಹತ್ತಿರ ಹತ್ತಿರ ಒಂದು ಬಾರ್ ಹೋಗುತ್ತದೆ ಅನ್ನುವುದು ಮೊದಲ ಪಾಠ. ಒಂದೂವರೆ ಮೀಟರಿಗೆ 0.15. ಅಂದರೆ ಬೇರೆ ಏನೂ ಕೆಡದಿದ್ದರೂ ಇದೊಂದೇ ನನ್ನ 0.1 ಅನ್ನು ನುಂಗಿರುತ್ತಿತ್ತು.

ಕೊನೆಯ ಲೆಕ್ಕ: ಸಿಗುವುದು 3.0, ಬೇಕಾಗಿದ್ದು 3.95. ಫಾಲ್ಸ್ ಸೀಲಿಂಗ್ ಆಗಲೇ ಮುಚ್ಚಿತ್ತು.

ಪಂಪ್ ಹಾಕಿ ಅಂದವರು ಬಹಳ ಜನ. ಪಂಪ್ ಅಂದರೆ ಅದಕ್ಕೊಂದು ಕೋಣೆ, ನೆಚ್ಚಬಹುದಾದ ಕರೆಂಟ್, ಮೇಲೆ ಪ್ರತಿ ವಾರವೋ ತಿಂಗಳೋ ಓಡಿಸಿ ನೋಡುವ ಕೆಲಸ. ಮೊದಲು ಪೈಪಿನಲ್ಲೇ ಹುಡುಕಿದೆ. ಸ್ಪ್ರಿಂಕ್ಲರ್ ಹೆಡ್‌ನಿಂದ (ನೀರು ಚಿಮ್ಮುವ ತುದಿ) ಬರುವ ನೀರು ಅದರ ಕೆ ಸಂಖ್ಯೆ (ಅದರ ಬಾಯಿ ಎಷ್ಟು ನೀರು ಬಿಡುತ್ತದೆ ಅನ್ನುವುದರ ಅಳತೆ) ಗುಣಿಸು ಒತ್ತಡದ ವರ್ಗಮೂಲ. ನಮ್ಮ ತುದಿಯ ಹೆಡ್ 12 ಚದರ ಮೀಟರಿಗೆ ನಿಮಿಷಕ್ಕೆ 97 ಲೀಟರ್ ಕೊಡಬೇಕಿತ್ತು. ಕೆ80 ಹೆಡ್‌ಗೆ ಅದಕ್ಕೆ 1.47 ಬಾರ್ ಬೇಕು, ಕೆ115ಕ್ಕೆ 0.71 ಸಾಕು. ಅಲ್ಲೇ ಸುಮಾರು 0.75 ಸಿಕ್ಕಿತು. ಕಾಗದದಲ್ಲಿ ಸುಲಭ. ಆದರೆ ಕೆ80ಯ ಥ್ರೆಡ್ ಅರ್ಧ ಇಂಚು, ಹಾಕಬೇಕಿದ್ದ ಕೆ115ರದ್ದು ಮುಕ್ಕಾಲು. ಒಂದೊಂದು ಹೆಡ್‌ಗೂ ಸೀಲಿಂಗ್ ಟೈಲ್ ಬಿಚ್ಚಿ ರೆಡ್ಯೂಸರ್ (ಪೈಪಿಗೂ ಹೆಡ್‌ಗೂ ನಡುವಿನ ಜೋಡಣೆ) ಬದಲಿಸಬೇಕು. ಐದು ವಾರ ಹಿಡಿಯಿತು. ಪ್ರಿವೆಂಟರ್ ಮೊದಲಿನ ಮಾಡೆಲ್‌ಗೆ ಮರಳಿತು. ಹದಿನೈದು ಮೀಟರ್ ಪೈಪ್ ಮತ್ತೆ 100 ಆಯಿತು. ನಾನು ಮೀಟಿಂಗ್‌ನಲ್ಲಿ ಬಿಟ್ಟುಕೊಟ್ಟಿದ್ದ ಅದೇ 0.4. ಈ ಸಲ ಅದನ್ನು ಕತ್ತರಿಸಿ, ಮತ್ತೆ ಜೋಡಿಸಿ ವಾಪಸ್ ತಂದೆವು. ಈಗ ಬೇಕಾದದ್ದು 2.6, ಸಿಗುವುದು 3.0.

"ಕೋಡ್‌ನಲ್ಲೇ ಸುರಕ್ಷತೆ ಸೇರಿದೆ, ಮೇಲೊಂದು ಮಾರ್ಜಿನ್ ಯಾಕೆ?" ಅನ್ನುವವರಿದ್ದಾರೆ. ಅರ್ಧ ನಿಜ. ಬಹುಪಾಲು ಬೆಂಕಿಗಳು ಕೆಲವೇ ಹೆಡ್‌ಗಳಲ್ಲಿ ಹತೋಟಿಗೆ ಬರುತ್ತವೆ, ಡಿಸೈನ್ ಅದಕ್ಕಿಂತ ಹೆಚ್ಚಿನವನ್ನು ಲೆಕ್ಕಕ್ಕೆ ಹಿಡಿದಿರುತ್ತದೆ. ಆದರೆ ಅದು ಬೆಂಕಿಯ ಅನಿಶ್ಚಿತತೆಗೆ ಬಿಟ್ಟ ಜಾಗ. ನೀರು ಪೂರೈಸುವವರು ವಾಲ್ವ್ ತಿರುಗಿಸಿದ್ದಕ್ಕೂ ಡಕ್ಟ್ ಅಡ್ಡ ಬಂದದ್ದಕ್ಕೂ ಅದನ್ನೇ ಖರ್ಚು ಮಾಡುವುದು ಸರಿಯಲ್ಲ. ಅನುಮೋದನೆ ಕೊಡುವ ಕೆಲವರು 10% ಮಾರ್ಜಿನ್ ಕೇಳುತ್ತಾರೆ. ನಾನು ಈಗ ಯಾರೂ ಕೇಳದಿದ್ದರೂ ಅಷ್ಟು ಇಡುತ್ತೇನೆ, ಅದೂ ಬೇಸಿಗೆಯ ಒತ್ತಡಕ್ಕೆ ಇಳಿಸಿಕೊಂಡ ಗ್ರಾಫ್ ಮೇಲೆ. ಹಳೆ ವರದಿಯ ಮೇಲೆ 20% ಬಿಟ್ಟರೂ ನನಗೆ ಧೈರ್ಯ ಬರುವುದಿಲ್ಲ.

ಕಟ್ಟಡದ ಮಾಲೀಕರಿಗೆ ಒಂದು ಮಾತು. ರೈಸರ್ ಹತ್ತಿರ ಒಂದು ಲೋಹದ ಪ್ಲೇಟ್ ತೂಗಿರಬೇಕು. ನಿಮ್ಮ ಸಿಸ್ಟಂಗೆ ಎಷ್ಟು ಹರಿವು, ಎಷ್ಟು ಒತ್ತಡ ಬೇಕು ಅಂತ ಅದರಲ್ಲಿ ಇರುತ್ತದೆ. ಮೇನ್ ಡ್ರೈನ್ (ರೈಸರ್‌ನ ನೀರು ಹೊರಬಿಡುವ ದೊಡ್ಡ ವಾಲ್ವ್) ಪೂರ್ತಿ ತೆರೆದಾಗ ಗೇಜ್ ಎಲ್ಲಿಗೆ ಇಳಿಯುತ್ತದೆ ಅಂತ ವರ್ಷವರ್ಷವೂ ಬರೆದಿಡಿ. ಮೊದಲ ಸಲದ್ದಕ್ಕಿಂತ 10% ಕಡಿಮೆಯಾದರೆ ಕಾರಣ ಹುಡುಕಿ, ಅಗತ್ಯವಿದ್ದರೆ ಸರಿಪಡಿಸಬೇಕು ಅಂತ ನಿರ್ವಹಣೆಯ ಮಾನದಂಡ ಎನ್‌ಎಫ್‌ಪಿಎ 25 ಹೇಳುತ್ತದೆ. ಅರ್ಧ ಮುಚ್ಚಿದ ವಾಲ್ವ್ ಕೂಡ ಇದರಲ್ಲೇ ಸಿಕ್ಕಿಬೀಳಬಹುದು. ಪ್ಲೇಟೇ ಇಲ್ಲ ಅಂದರೆ ಹಾಕಿದವರನ್ನು ಕೇಳಿ, ಕೊಡಬೇಕಾದದ್ದು ಅವರು. ಕೊಟ್ಟಾಗ ಅದರ ಅಂಕಿ ಕಟ್ಟಿದ ಮೇಲಿನ ಲೆಕ್ಕದ್ದೋ, ಮೊದಲ ಡ್ರಾಯಿಂಗ್‌ನದ್ದೋ ಅಂತಲೂ ಕೇಳಿ.