ವೇ ಪ್ರೋಟೀನ್: ಕಾನ್ಸಂಟ್ರೇಟ್ ಸಾಕಾ, ಐಸೊಲೇಟ್ ಬೇಕಾ?

ಹುಬ್ಬಳ್ಳಿಯಲ್ಲಿ ಹೊಸದಾಗಿ ಜಿಮ್ ಸೇರಿದ ಹುಡುಗರು ಪ್ರೋಟೀನ್ ಪುಡಿಯ ಡಬ್ಬಿ ಕೊಳ್ಳುವಾಗ ಗೊಂದಲಕ್ಕೆ ಬೀಳುವುದು ಇಲ್ಲೇ. ಕಾನ್ಸಂಟ್ರೇಟ್, ಐಸೊಲೇಟ್ ಎರಡೂ ಹಾಲಿನವೇ. ಹಾಲು ಒಡೆದು ಚೀಸ್ ಮಾಡಿದ ಮೇಲೆ ಉಳಿಯುವ ತಿಳಿನೀರಿನಿಂದ ತೆಗೆದ ಪ್ರೋಟೀನ್ ಇದು.

ಒಳ್ಳೆಯ ಕಾನ್ಸಂಟ್ರೇಟ್‌ನಲ್ಲಿ ಸುಮಾರು ಶೇ 80 ಪ್ರೋಟೀನ್. ಉಳಿದದ್ದು ಲ್ಯಾಕ್ಟೋಸ್ (ಹಾಲಿನಲ್ಲಿರುವ ಸಕ್ಕರೆ), ಕೊಬ್ಬು, ಖನಿಜ. ಐಸೊಲೇಟ್ ಇನ್ನಷ್ಟು ಸೋಸಿದ್ದು: ಪ್ರೋಟೀನ್ ಶೇ 90ರ ಆಸುಪಾಸು, ಲ್ಯಾಕ್ಟೋಸ್ ತೀರಾ ಕಡಿಮೆ, ಬೆಲೆ ಜಾಸ್ತಿ.

ಡಬ್ಬಿ ತಿರುಗಿಸಿ ನೋಡಿ. 30 ಗ್ರಾಂ ಸ್ಕೂಪ್‌ಗೆ 24 ಗ್ರಾಂ ಪ್ರೋಟೀನ್ ಇದ್ದರೆ ಶೇ 80. 27 ಇದ್ದರೆ ಶೇ 90. ಅಂತರ ಬರೀ 3 ಗ್ರಾಂ, ಅಲ್ವಾ? ಅದಕ್ಕೆ ಸುಮ್ನೆ ಅಷ್ಟು ದುಡ್ಡು ಸುರಿಯಬೇಡಿ. ಲ್ಯಾಕ್ಟೋಸ್ ಅರಗದೆ, ಹಾಲು ಕುಡಿದರೆ ಹೊಟ್ಟೆ ಉಬ್ಬುವವರು ಮಾತ್ರ ಐಸೊಲೇಟ್ ತಗೊಳ್ಳಿ. ಹಾಲಿನ ಪ್ರೋಟೀನಿಗೇ ಅಲರ್ಜಿ ಇದ್ದರೆ ಎರಡೂ ಬೇಡ.

ಹೈಡ್ರೊಲೈಸೇಟ್ ಅಂತಲೂ ಒಂದಿದೆ. ಕಿಣ್ವದಿಂದ ಮೊದಲೇ ತುಂಡರಿಸಿದ್ದು. ಕಹಿ, ದುಬಾರಿ. ಬಿಟ್ಟುಬಿಡಿ.

ಇನ್ನು, ಮನೆಯಲ್ಲಿ ದಿನಾ ರೊಟ್ಟಿ ಜೊತೆ ಮಡಿಕೆಕಾಳಿನ ಪಲ್ಯ, ಮೊಸರು, ಶೇಂಗಾ ಚಟ್ನಿ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. 100 ಗ್ರಾಂ ಶೇಂಗಾದಲ್ಲೇ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಎಣ್ಣೆಯಂಶವೂ ಜಾಸ್ತಿ, ಹಾಗಾಗಿ ಹಿಡಿಯಷ್ಟು ಸಾಕು.