ರೋಬೋಟ್ ಕೈಗವಸು: ಲಕ್ವ ಹೊಡೆದವರ ಮನೆಗೆ ಇದು ಬೇಕಾ?

ಮನೆಯಲ್ಲಿ ಯಾರಿಗಾದರೂ ಸ್ಟ್ರೋಕ್ ಆಗಿದ್ದರೆ ಈ ಕೈಗವಸಿನ ಜಾಹೀರಾತನ್ನು ನೀವು ನೋಡಿಯೇ ಇರುತ್ತೀರಿ. ಒಂದು ಸಲ ಫೋನ್‌ನಲ್ಲಿ ಲಕ್ವಕ್ಕೆ ವ್ಯಾಯಾಮ ಅಂತ ಹುಡುಕಿದರೆ ಸಾಕು, ಆಮೇಲೆ ಹೋದಲ್ಲೆಲ್ಲ ಇದೇ. ಕಪ್ಪು ಗವಸು, ಬೆರಳುಗಳ ಮೇಲೆ ಸುಕ್ಕುಸುಕ್ಕಾದ ರಬ್ಬರ್ ನಳಿಗೆ, ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿ. ಗುಂಡಿ ಒತ್ತಿದರೆ ಮುಷ್ಟಿ ಬಿಚ್ಚುತ್ತದೆ, ಮಡಚುತ್ತದೆ. ಬೆಲೆ ಕೆಲವು ಸಾವಿರದಿಂದ ಹಿಡಿದು ಹತ್ತಿಪ್ಪತ್ತು ಸಾವಿರದ ತನಕ. ಬ್ರ್ಯಾಂಡ್ ಯಾವುದು ಅಂತ ಕೇಳಬೇಡಿ. ಒಂದೇ ವಸ್ತು ಬೇರೆ ಬೇರೆ ಹೆಸರಲ್ಲಿ ಬರುತ್ತದೆ, ನಮ್ಮ ಡಬ್ಬಿಯ ಮೇಲಂತೂ ಹೆಸರೇ ಇರಲಿಲ್ಲ.

ನಮಗೆ ಇದನ್ನು ಕಳಿಸಿದ್ದು ಬೆಂಗಳೂರಿನ ಭಾವ. ಅಪ್ಪನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ಕಾಲು ಬೇಗ ಸುಧಾರಿಸಿತು, ಕೋಲು ಹಿಡಿದು ಅಂಗಳದ ತನಕ ಹೋಗುತ್ತಿದ್ದರು. ಕೈ ಮಾತ್ರ ಮುಷ್ಟಿ ಕಟ್ಟಿ ಕೂತಿತ್ತು. ನಾವಿರುವುದು ತೀರ್ಥಹಳ್ಳಿಯಿಂದ ಒಳಗೆ. ಶಿವಮೊಗ್ಗಕ್ಕೆ ಫಿಜಿಯೋಥೆರಪಿಗೆ ಹೋಗಿ ಬರುವುದು ಅಂದರೆ ಇಡೀ ದಿನದ ಕೆಲಸ, ಮಳೆಗಾಲದಲ್ಲಂತೂ ಬಸ್ಸು ಬಂದರೆ ಬಂತು. ಆದ್ದರಿಂದ ಮನೆಯಲ್ಲೇ ಮಷಿನ್ ಇದ್ದರೆ ಒಳ್ಳೆಯದಲ್ವಾ ಅನ್ನುವುದು ಭಾವನ ಲೆಕ್ಕ. ಲೆಕ್ಕ ತಪ್ಪಲ್ಲ. ಮಷಿನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದನ್ನು ಮಾತ್ರ ಜಾಹೀರಾತಿನವರು ಹೇಳುವುದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಾಕುವ ಕಷ್ಟ. ವಿಡಿಯೋದಲ್ಲಿ ಚೆನ್ನಾಗಿರುವ ಕೈಗೆ ಗವಸು ಹಾಕಿ ತೋರಿಸುತ್ತಾರೆ. ಬಿಗಿದ ಕೈಗೆ ಹಾಕಿ ನೋಡಿ! ಒಂದು ಬೆರಳು ಒಳಗೆ ಹೋಗುವಷ್ಟರಲ್ಲಿ ಇನ್ನೊಂದು ಹೊರಗೆ ಬರುತ್ತದೆ, ಕಿರುಬೆರಳು ಉಂಗುರಬೆರಳಿನ ಮನೆಗೆ ನುಗ್ಗುತ್ತದೆ. ಎಳೆದಾಡಿದಷ್ಟೂ ಕೈ ಇನ್ನಷ್ಟು ಬಿಗಿಯುತ್ತದೆ. ಇದಕ್ಕೆ ಉಪಾಯ ಹೇಳಿಕೊಟ್ಟಿದ್ದು ನಮ್ಮ ಫಿಜಿಯೋ ಮೇಡಂ. ಮಣಿಕಟ್ಟನ್ನು ನಿಧಾನಕ್ಕೆ ಅಂಗೈ ಕಡೆಗೆ ಬಾಗಿಸಿ ಹಿಡಿದರೆ ಬೆರಳು ತಾವಾಗಿಯೇ ಸಡಿಲವಾಗುತ್ತವೆ. ಬೆರಳು ಮಡಚುವ ಸ್ನಾಯುಗಳ ಹುರಿಗಳು ಮಣಿಕಟ್ಟನ್ನು ದಾಟಿಕೊಂಡೇ ಹೋಗುವುದು, ಮಣಿಕಟ್ಟು ಬಾಗಿದರೆ ಅವಕ್ಕೆ ಎಳೆತ ಕಡಿಮೆ. ಹಾಗೆ ಹಿಡಿದು ಮೊದಲು ಹೆಬ್ಬೆರಳು ಬಿಡಿಸಿ, ಆಮೇಲೆ ಉಳಿದವನ್ನು ಒಂದೊಂದಾಗಿ ಒಳಗೆ ಬಿಡಬೇಕು. ಗವಸು ಹಾಕದಿದ್ದರೂ ಈ ಉಪಾಯ ಕಲಿತುಕೊಳ್ಳಿ, ಉಗುರು ಕತ್ತರಿಸಲು, ಅಂಗೈ ತೊಳೆದು ಒರೆಸಲು ದಿನಾ ಬೇಕಾಗುತ್ತದೆ.

ಇನ್ನು ಕೆಲಸ ಮಾಡುವ ರೀತಿ. ಡಬ್ಬಿಯೊಳಗೆ ಗಾಳಿಯ ಪಂಪ್ ಇದೆ. ಬೆರಳ ಬೆನ್ನ ಮೇಲಿರುವ ನಳಿಗೆಗೆ ಗಾಳಿ ತುಂಬಿದಾಗ ಅದು ಉದ್ದವಾಗುತ್ತದೆ, ಬೆರಳು ಮಡಚುತ್ತದೆ. ಗಾಳಿ ಹೀರಿದಾಗ ನಳಿಗೆ ಗಿಡ್ಡವಾಗುತ್ತದೆ, ಬೆರಳು ಬಿಚ್ಚುತ್ತದೆ. ಗಮನಿಸಬೇಕಾದ್ದು ಇಲ್ಲೇ. ತುಂಬುವ ಬಲವನ್ನು ಪಂಪ್, ನಳಿಗೆ ತಾಳುವ ತನಕ ಏರಿಸಬಹುದು, ಹೀರುವ ಬಲಕ್ಕೆ ಬೇಗ ಮಿತಿ ಬರುತ್ತದೆ. ಪೂರ್ತಿ ಗಾಳಿ ತೆಗೆದ ಮೇಲೆ ಇನ್ನೇನು ತೆಗೆಯುತ್ತೀರಿ? ಹಾಗಾಗಿ ಈ ಮಷಿನ್ ಮಡಚುವುದರಲ್ಲಿ ಗಟ್ಟಿ, ಬಿಚ್ಚುವುದರಲ್ಲಿ ಪುಕ್ಕಲು. ಆದರೆ ಲಕ್ವ ಆದ ಕೈಗೆ ಸಾಮಾನ್ಯವಾಗಿ ಬೇಕಾಗಿರುವುದು ಬಿಚ್ಚುವ ಸಹಾಯ, ಮಡಚುವುದನ್ನು ಅದು ತಾನೇ ಜಾಸ್ತಿ ಮಾಡುತ್ತಿರುತ್ತದೆ. ಅಪ್ಪನ ಕೈ ಸಡಿಲವಿದ್ದ ದಿನ ಚೆನ್ನಾಗಿ ಬಿಚ್ಚುತ್ತಿತ್ತು. ಚಳಿ ಹಿಡಿದ ಬೆಳಿಗ್ಗೆ ಅರ್ಧಕ್ಕೇ ನಿಂತು ಡಬ್ಬಿ ಸುಮ್ನೆ ಗುರುಗುಡುತ್ತಿತ್ತು.

ಮೇಡಂ ಮನೆಗೆ ಬಂದಾಗ ಇದನ್ನು ಹಾಕಿ ತೋರಿಸಿದೆವು. ಅಪ್ಪ ಗವಸು ಹಾಕಿಕೊಂಡು ಟಿವಿ ನೋಡುತ್ತಾ ಆರಾಮಾಗಿ ಕೂತಿದ್ದರು. ಮೇಡಂ ಸ್ವಲ್ಪ ಹೊತ್ತು ನೋಡಿ ಹೇಳಿದ್ದು ಇಷ್ಟೇ: "ಗೌಡ್ರೇ, ಮಷಿನ್ ಮಾಡ್ತಾ ಇದೆ. ನೀವು ಮಾಡ್ತಾ ಇಲ್ಲ." ಅಪ್ಪನೂ ಬಿಡಲಿಲ್ಲ. "ಹಂಗಾರೆ ಎಂತಕ್ಕೆ ದುಡ್ಡು ಕೊಟ್ಟದ್ದು ಮಾರಾಯ್ತಿ, ನಾನೇ ಮಾಡೂದಾದ್ರೆ?"

ಈ ವಿಮರ್ಶೆಯ ತಿರುಳು ಆ ಎರಡು ಮಾತಿನಲ್ಲೇ ಇದೆ. ಸ್ಟ್ರೋಕ್‌ನಲ್ಲಿ ಹಾಳಾಗಿರುವುದು ಕೈಯಲ್ಲ, ಮಿದುಳು. ಕೈಯನ್ನು ಯಾರೋ ಆಡಿಸಿದರೆ ಕೀಲಿಗೆ ಸ್ವಲ್ಪ ಹಿತ. ಮಿದುಳು ಹೊಸ ದಾರಿ ಹುಡುಕಬೇಕಾದರೆ ಆಡಿಸುವ ಪ್ರಯತ್ನ ಅದರಿಂದಲೇ ಹೊರಡಬೇಕು. ಅದೂ ಒಂದೆರಡು ಸಲ ಅಲ್ಲ. 2009ರಲ್ಲಿ ಅಮೆರಿಕ ಮತ್ತು ಕೆನಡಾದ ಪುನರ್ವಸತಿ ಕೇಂದ್ರಗಳಲ್ಲಿ ಕ್ಯಾಥರೀನ್ ಲ್ಯಾಂಗ್ ಅನ್ನುವ ಸಂಶೋಧಕಿಯ ತಂಡ ಪಕ್ಕದಲ್ಲೇ ಕೂತು ಎಣಿಸಿ ನೋಡಿತು, ಒಂದು ಸಲದ ಚಿಕಿತ್ಸೆಯಲ್ಲಿ ರೋಗಿ ಕೈಯಿಂದ ನಿಜವಾದ ಕೆಲಸದ ಚಲನೆ ಎಷ್ಟು ಬಾರಿ ಮಾಡುತ್ತಾನೆ ಅಂತ. ಸರಾಸರಿ ಬಂದದ್ದು 32. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳು ಬದಲಾಗಲು ನೂರಾರು ಸಲ ಮಾಡಿಸುತ್ತಾರೆ. ದೊಡ್ಡ ದೊಡ್ಡ ಕೇಂದ್ರಗಳದ್ದೇ ಈ ಕತೆ.

ಹಾಗಾದರೆ ಮಷಿನ್ ಇಟ್ಟು ಸಂಖ್ಯೆ ಏರಿಸಿದರೆ ಆಯಿತಲ್ಲ ಅಂತ ನಿಮಗೂ ಅನ್ನಿಸಬಹುದು, ತಜ್ಞರಿಗೂ ಅನ್ನಿಸಿತ್ತು. ಬ್ರಿಟನ್ನಿನಲ್ಲಿ 770 ಜನರ ಮೇಲೆ ಪರೀಕ್ಷೆ ಮಾಡಿದರು, ಫಲಿತಾಂಶ 2019ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ರಾಟುಲ್ಸ್ ಅಂತ ಅದರ ಹೆಸರು. ಅಲ್ಲಿ ಬಳಸಿದ್ದು ನಮ್ಮ ಡಬ್ಬಿಯಂಥದ್ದಲ್ಲ, ಆಸ್ಪತ್ರೆಯಲ್ಲಿ ಇಡುವ ದೊಡ್ಡ ರೋಬೋಟ್. ರೋಗಿಯ ಪ್ರಯತ್ನ ನೋಡಿಕೊಂಡು ಬೇಕಾದಷ್ಟೇ ಸಹಾಯ ಮಾಡುವಂಥದ್ದು. 45 ನಿಮಿಷದಂತೆ ವಾರಕ್ಕೆ 3 ಸಲ, 12 ವಾರ. ಕೊನೆಗೆ ಮಾಮೂಲಿ ಚಿಕಿತ್ಸೆಯವರಿಗಿಂತ ರೋಬೋಟ್‌ನವರ ಕೈ ಕೆಲಸ ಮೇಲೇನೂ ಆಗಿರಲಿಲ್ಲ. ಎಲ್ಲ ಅಧ್ಯಯನಗಳೂ ಹೀಗೇ ಹೇಳಿಲ್ಲ, ಹಲವನ್ನು ಒಟ್ಟು ಹಾಕಿ ನೋಡಿದಾಗ ಸ್ವಲ್ಪ ಉಪಯೋಗ ಕಾಣುತ್ತದೆ ಅಂತ, ಇಂಥ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ ಹೇಳಿದೆ. ಆದರೆ ಆ ಸ್ವಲ್ಪ ಅನ್ನುವುದು ಅನ್ನ ಕಲಸಲು, ಗುಂಡಿ ಹಾಕಲು ಸಾಕಾಗುವಷ್ಟಾ ಅನ್ನುವುದೇ ಪ್ರಶ್ನೆ. ನಮ್ಮ ಗವಸಿನಂಥ ಅಗ್ಗದ ಮಾಲಿಗೆ "ವೈಜ್ಞಾನಿಕವಾಗಿ ಸಾಬೀತಾದದ್ದು" ಅಂತ ಜಾಹೀರಾತಿನಲ್ಲಿ ಹಾಕಿಕೊಳ್ಳುತ್ತಾರಲ್ಲ, ಧೈರ್ಯ ಮೆಚ್ಚಬೇಕು.

ಕೈ ಗಡುಸಾಗುವುದನ್ನು ತಡೆಯುತ್ತದೆ ಅನ್ನುವ ಇನ್ನೊಂದು ಭರವಸೆಯೂ ಇದೆ. ಎಳೆದು ಬಿಡಿಸುವ ವ್ಯಾಯಾಮದಿಂದ ಕೀಲು ಬಿಗಿಯುವುದು ತಪ್ಪುತ್ತದಾ ಅಂತ 2017ರಲ್ಲಿ ಕಾಕ್ರೇನ್‌ನವರು ನೋಡಿದಾಗ, ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇದು ಫಿಜಿಯೋಗಳಿಗೇ ಬೇಸರ ತಂದ ಫಲಿತಾಂಶ ಇರಬೇಕು.

ಇಷ್ಟೆಲ್ಲ ಬೈದ ಮೇಲೆ ಒಂದು ಒಳ್ಳೆಯ ಮಾತು. ಗವಸಿನ ಜೊತೆ ಎಡಗೈಗೆ ಹಾಕಲು ಇನ್ನೊಂದು ತೆಳ್ಳಗಿನ ಗವಸು ಬರುತ್ತದೆ. ಅದನ್ನು ಹಾಕಿ ಚೆನ್ನಾಗಿರುವ ಕೈ ಮಡಚಿದರೆ, ಒಂದು ಗಳಿಗೆ ಬಿಟ್ಟು ಈ ಕೈಯೂ ಮಡಚುತ್ತದೆ. ಅಪ್ಪ ಇದನ್ನು ಮಾತ್ರ ಆಸಕ್ತಿಯಿಂದ ಮಾಡಿದರು. ಎರಡೂ ಕೈ ನೋಡುತ್ತಾ, ತುಟಿ ಕಚ್ಚಿಕೊಂಡು, ಬಲಗೈಗೂ ಜೋರು ಮಾಡುತ್ತಾ. ಅದು ಸ್ವಲ್ಪ ಪ್ರಯತ್ನ ಹುಟ್ಟಿಸುತ್ತದೆ. ಆದರೆ ಇದೇ ಜಾತಿಯ ಕೆಲಸವನ್ನು ಒಂದು ಕನ್ನಡಿಯೂ ಮಾಡುತ್ತದೆ. ಎರಡು ಕೈಗಳ ಮಧ್ಯೆ ಕನ್ನಡಿ ನಿಲ್ಲಿಸಿ, ಬಿದ್ದ ಕೈಯನ್ನು ಅದರ ಹಿಂದೆ ಇಟ್ಟು, ಚೆನ್ನಾಗಿರುವ ಕೈಯ ಪ್ರತಿಬಿಂಬ ನೋಡುತ್ತಾ ಎರಡನ್ನೂ ಆಡಿಸಲು ಪ್ರಯತ್ನಿಸುವುದು. ಕೈಕಾಲು ಕಳೆದುಕೊಂಡವರಿಗೆ ಆ ಇಲ್ಲದ ಅಂಗದಲ್ಲೇ ಬರುವ ನೋವಿಗೆ ಇದನ್ನು ಶುರು ಮಾಡಿದ್ದು ನಮ್ಮ ದೇಶದಲ್ಲೇ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್, 1990ರ ದಶಕದಲ್ಲಿ. ಆಮೇಲೆ ಸ್ಟ್ರೋಕ್‌ಗೂ ಬಂತು. 2018ರ ಇನ್ನೊಂದು ಕಾಕ್ರೇನ್ ವಿಮರ್ಶೆ ಪ್ರಕಾರ ಇದರಿಂದ ಚಲನೆ ಸುಧಾರಿಸುತ್ತದೆ ಅನ್ನಲು ತಕ್ಕಮಟ್ಟಿನ ಪುರಾವೆ ಇದೆ. ಗಾಜಿನ ಅಂಗಡಿಯಲ್ಲಿ ಅಂಚು ಉಜ್ಜಿಸಿ ತಂದರೆ ಮುಗಿಯಿತು, ಚಾರ್ಜ್ ಬೇಡ. ಕರೆಂಟಿನ ಮಾತು ಮಳೆಗಾಲದಲ್ಲಿ ಮಲೆನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ.

ಬೆರಳಿನಲ್ಲಿ ಒಂಚೂರಾದರೂ ಚಲನೆ ಇದ್ದರೆ ಇನ್ನೊಂದು ದಾರಿ ಇದೆ, ಒಳ್ಳೆಯ ಕೈಯನ್ನು ಕಟ್ಟಿಹಾಕುವುದು. ಬಿದ್ದ ಕೈಯಿಂದ ಆಗುವುದಿಲ್ಲ ಅಂತ ಮಿದುಳು ಅದನ್ನು ಕೈಬಿಟ್ಟಿರುತ್ತದೆ, ಎಲ್ಲ ಕೆಲಸ ಇನ್ನೊಂದು ಕೈಗೆ ಹೋಗಿರುತ್ತದೆ. ಎಡ್ವರ್ಡ್ ಟೌಬ್ ಅನ್ನುವ ಅಮೆರಿಕದ ಮನೋವಿಜ್ಞಾನಿಯ ಕೆಲಸ ಇದರ ಮೂಲ. ಅಮೆರಿಕದಲ್ಲಿ ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದ 222 ಜನರ ಮೇಲೆ ಇದನ್ನು ಪರೀಕ್ಷಿಸಿದರು. 2 ವಾರ ಒಳ್ಳೆಯ ಕೈಗೆ ದಪ್ಪ ಕೈಗವಸು, ಎಚ್ಚರವಿರುವ ಹೊತ್ತಿನಲ್ಲಿ ಹೆಚ್ಚುಕಡಿಮೆ ಪೂರ್ತಿ. ಬಿದ್ದ ಕೈಯಿಂದ ಗಂಟೆಗಟ್ಟಲೆ ಅಭ್ಯಾಸ. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಂದು ವರ್ಷದ ನಂತರವೂ ಸುಧಾರಣೆ ಉಳಿದಿತ್ತು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲೇಳುವವರನ್ನಷ್ಟೇ ಅದಕ್ಕೆ ಸೇರಿಸಿಕೊಂಡಿದ್ದು, ಅದು ನೆನಪಿರಲಿ. ನಡೆಯುವಾಗ ಕೈ ಕಟ್ಟಬೇಡಿ, ಬಿದ್ದರೆ ಆತುಕೊಳ್ಳಲು ಇರುವುದು ಅದೊಂದೇ ಕೈ.

ನಮ್ಮ ಮನೆಯಲ್ಲಿ ಈ ಪಾಠ ನಡೆದಿದ್ದು ಕವಳದ ತಟ್ಟೆಯ ಮುಂದೆ. ಹೊಗೆಸೊಪ್ಪನ್ನು ಡಾಕ್ಟರ್ ನಿಲ್ಲಿಸಿಯಾಗಿತ್ತು. (ಅಡಿಕೆಯೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ, ಅಡಿಕೆ ತೋಟದ ಮನೆಯಲ್ಲಿ ಕೂತು ಅದನ್ನು ಜೋರಾಗಿ ಹೇಳುವುದು ಕಷ್ಟ.) ಮೇಡಂ ಎಡಗೈಗೆ ಅಡುಗೆಮನೆಯ ಮಸಿಬಟ್ಟೆ ಸುತ್ತಿ, ತಟ್ಟೆ ಎದುರಿಗಿಟ್ಟರು. ಎಲೆ ಎತ್ತಿಕೊಳ್ಳಿ, ಒರೆಸಿ, ತೊಟ್ಟು ಮುರಿಯಿರಿ, ಅಷ್ಟೇ. ಬಿಲ್ಲೆಯಂಥ ಅಡಿಕೆ ಹೋಳುಗಳನ್ನು ಒಂದು ಬಟ್ಟಲಿಂದ ಇನ್ನೊಂದಕ್ಕೆ ಹಾಕಿ. ಮೊದಮೊದಲು ಎಲೆ ಮುದ್ದೆಯಾಗುತ್ತಿತ್ತು, ಅಪ್ಪನಿಗೆ ಸಿಟ್ಟು ಬಂದು ತಟ್ಟೆ ದೂಡುತ್ತಿದ್ದರು. ಆದರೂ ಮತ್ತೆ ಎಳೆದುಕೊಳ್ಳುತ್ತಿದ್ದರು, ಯಾಕೆಂದರೆ ಅದು ಅವರ ತಟ್ಟೆ. ಗವಸಿಗೆ ಹಾಗೆ ಯಾವತ್ತೂ ಕೈ ಚಾಚಲಿಲ್ಲ. ಈಗ ಎಲೆ ಒರೆಸಿ ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ಬಂದಿದೆ. ಸುಣ್ಣ ಹಚ್ಚುವುದು ಈಗಲೂ ಎಡಗೈಯೇ.

ಮನೆಯವರೇ ಕಲಿತು ಮಾಡಿಸಿದರೆ ಸಾಲದಾ, ಮೇಡಂ ಯಾಕೆ ಅಂತ ಭಾವ ಕೇಳಿದ್ದರು. ಇದಕ್ಕೆ ನಮ್ಮ ದೇಶದಲ್ಲೇ ಉತ್ತರ ಹುಡುಕಿದ್ದಾರೆ. ಅಟೆಂಡ್ ಅನ್ನುವ ಪರೀಕ್ಷೆ, ಭಾರತದ 14 ಆಸ್ಪತ್ರೆಗಳು, 1250 ರೋಗಿಗಳು, ಫಲಿತಾಂಶ 2017ರಲ್ಲಿ. ಮನೆಯವರಿಗೆ ತರಬೇತಿ ಕೊಟ್ಟು ಕಳಿಸಿದವರಲ್ಲೂ, ಮಾಮೂಲಿ ಚಿಕಿತ್ಸೆಯವರಲ್ಲೂ 6 ತಿಂಗಳಿಗೆ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಶೇ. 47. ಎರಡೂ ಕಡೆ ಒಂದೇ. ಮನೆಯವರು ಮಾಡಿಸುವುದು ವ್ಯರ್ಥ ಅಂತ ನಾನು ಇದನ್ನು ಓದಿಕೊಳ್ಳುವುದಿಲ್ಲ. ಒಂದು ಸಲ ಕಲಿಸಿ ಕೈಬಿಟ್ಟರೆ ಸಾಲದು, ಬಲ್ಲವರು ಆಗಾಗ ಬಂದು ನೋಡಿ ಬದಲಾಯಿಸುತ್ತಿರಬೇಕು ಅಂತ ಓದಿಕೊಳ್ಳುತ್ತೇನೆ. ಹಾಗಾಗಿ ಕೈಯಲ್ಲಿ ಇರುವ ದುಡ್ಡು ಗವಸಿಗೋ ಫಿಜಿಯೋಗೋ ಅಂತ ಬಂದರೆ ಕಣ್ಣು ಮುಚ್ಚಿ ಫಿಜಿಯೋಗೆ ಕೊಡಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಲ್ಲೂ ಈ ವಿಭಾಗ ಇದೆ, ಖಾಸಗಿಯವರೂ ಬೇಕಾದಷ್ಟು ಇದ್ದಾರೆ. ಬಿ.ಪಿ.ಟಿ., ಅಂದರೆ ಫಿಜಿಯೋಥೆರಪಿ ಪದವಿ, ಓದಿದ್ದಾರಾ ಅಂತ ಕೇಳಿ, ಕೇಳಲು ಸಂಕೋಚ ಬೇಡ.

ಕೊಂಡೇ ಕೊಳ್ಳುತ್ತೇನೆ ಅನ್ನುವವರಿಗೆ ಕೆಲವು ಮಾತು. ಬಲಗೈ, ಎಡಗೈ ಬೇರೆ ಬೇರೆ, ಆರ್ಡರ್ ಮಾಡುವಾಗ ನೋಡಿ. ಅಳತೆ ಒಂದು ಸೈಜು ದೊಡ್ಡದು ತೆಗೆದುಕೊಳ್ಳಿ, ಬಿಗಿ ಗವಸು ಹಾಕಲು ಆಗುವುದೇ ಇಲ್ಲ. ಕೈ ಊದಿದ್ದರೆ, ಮುಟ್ಟಿದ್ದು ಗೊತ್ತಾಗದಿದ್ದರೆ ಕೇಳದೆ ಹಾಕಬೇಡಿ, ಒತ್ತಿ ಗಾಯವಾದರೂ ಅವರಿಗೆ ತಿಳಿಯುವುದಿಲ್ಲ. ಬಲ ಏರಿಸುವ ಗುಂಡಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಗವಸನ್ನು ತೊಳೆಯಲು ಬರುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆಷಾಢದಲ್ಲಿ ನಮ್ಮದು ಬೂಷ್ಟು ಹಿಡಿದು ವಾಸನೆ ಬಂತು, ಬಚ್ಚಲ ಒಲೆಯಿಂದ ದೂರದಲ್ಲಿ ಹರವಿ ಒಣಗಿಸಬೇಕಾಯಿತು. ನಳಿಗೆ ಎಲ್ಲಾದರೂ ತೂತಾದರೆ ಬಿಡಿಭಾಗ ಸಿಗುವ ಭರವಸೆ ಇಲ್ಲ, ಮಾರಿದವರ ನಂಬರ್‌ಗೆ ಫೋನ್ ಹೋಗಲಿಲ್ಲ.

ಜೊತೆಗೆ "ಫ್ರೀ" ಅಂತ ಒಂದು ಹಗ್ಗದ ರಾಟೆಯೂ ಬಂತು, ತೊಲೆಗೆ ಕಟ್ಟಿ ಒಳ್ಳೆಯ ಕೈಯಿಂದ ಎಳೆದು ಬಿದ್ದ ಕೈಯನ್ನು ಮೇಲೆತ್ತುವುದು. ಅದನ್ನು ಮಾತ್ರ ಕಟ್ಟಲೇಬೇಡಿ. ಲಕ್ವ ಆದ ಭುಜ ಸಡಿಲವಿರುತ್ತದೆ, ಹೀಗೆ ಎಳೆದರೆ ನೋವು ಶುರುವಾಗುತ್ತದೆ. ಅಮೆರಿಕದ 2016ರ ಸ್ಟ್ರೋಕ್ ಮಾರ್ಗಸೂಚಿಯೇ ತಲೆಯ ಮೇಲಿನ ರಾಟೆ ಬೇಡ ಅಂತ ಹೇಳಿದೆ. ನಮ್ಮಲ್ಲಿ ಅದು ಈಗ ಕೊಟ್ಟಿಗೆಯಲ್ಲಿದೆ, ಹಗ್ಗ ಒಳ್ಳೆ ಗಟ್ಟಿ.

ಗವಸಿಗೆ 5ಕ್ಕೆ 2 ಸ್ಟಾರ್. ಅದರಲ್ಲಿ ಒಂದೂವರೆ ಆ ಎಡಗೈ ಗವಸಿಗೆ.